ಅರ್ಧ ಪುಸ್ತಕದ ಇಂಗ್ಲಿಷ್

ನನ್ನ ತಂಗಿಯ ಮಗಳು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿದವಳು. ಎರಡು ವರ್ಷಗಳಿಂದ ಬ್ಯಾಂಕ್ ಪರೀಕ್ಷೆಗಳಿಗೆ ತಯಾರಾಗುತ್ತಿದ್ದಾಳೆ. ಕಳೆದ ರಜೆಯಲ್ಲಿ ಅವರ ಮನೆಗೆ ಹೋಗಿದ್ದಾಗ ಅವಳ ಮೇಜಿನ ಮೇಲೆ ಮೂರು ಪುಸ್ತಕಗಳಿದ್ದವು. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ, ನಾರ್ಮನ್ ಲೂಯಿಸ್‌ನ 'ವರ್ಡ್ ಪವರ್ ಮೇಡ್ ಈಸಿ', ಜೊತೆಗೆ ಪೇಟೆಯಲ್ಲಿ ಸಿಗುವ ಒಂದು ಗೈಡು. ಅವಳು ಗೈಡಿನಲ್ಲಿದ್ದ ನುಡಿಗಟ್ಟುಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಿದ್ದಳು. 'ಕ್ಯಾರಿ ಕೋಲ್ಸ್ ಟು ನ್ಯೂಕಾಸಲ್' ಎಂದರೆ ಅನಗತ್ಯ ಕೆಲಸ ಮಾಡುವುದು ಎಂದು ಮೂರು ಸಲ ಹೇಳಿಕೊಂಡಳು. ನ್ಯೂಕಾಸಲ್ ಎಂದರೇನು ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅದು ಇಂಗ್ಲೆಂಡಿನ ಒಂದು ಊರು, ಶತಮಾನಗಳ ಕಾಲ ಕಲ್ಲಿದ್ದಲು ಹಡಗೇರುತ್ತಿದ್ದುದೇ ಅಲ್ಲಿಂದ ಎಂದಾಗ ನಕ್ಕುಬಿಟ್ಟಳು. "ಮಲ್ಪೆಗೆ ಮೀನು ಹೊತ್ತುಕೊಂಡು ಹೋದ ಹಾಗೆ ಅಲ್ವಾ ಮಾಮ?" ಎಂದಳು.

ಆ ಒಂದು ನುಡಿಗಟ್ಟನ್ನು ಅವಳು ಇನ್ನು ಮರೆಯಲಾರಳು. ಆದರೆ ಪಟ್ಟಿಯಲ್ಲಿ ಅಂಥವು ಇನ್ನೂ ನೂರಾರು ಇದ್ದವು.

ನಮ್ಮ ಮಕ್ಕಳು ಪರೀಕ್ಷೆಗಾಗಿ ಇಂಗ್ಲಿಷನ್ನು ಓದುವ ಈ ಬಗೆಯನ್ನು ಸ್ವಲ್ಪ ವಿಮರ್ಶಿಸಬೇಕಾಗಿದೆ. ಮೊದಲು ಪುಸ್ತಕಗಳನ್ನೇ ನೋಡೋಣ. ರೆನ್ ಮತ್ತು ಮಾರ್ಟಿನ್ ಎಂದು ನಾವು ಕರೆಯುವ ಪುಸ್ತಕದ ನಿಜವಾದ ಹೆಸರು 'ಹೈಸ್ಕೂಲ್ ಇಂಗ್ಲಿಷ್ ಗ್ರಾಮರ್ ಆ್ಯಂಡ್ ಕಾಂಪೊಸಿಷನ್'. ಇದು 1930ರ ದಶಕದ್ದು. ಅದರ ಕರ್ತೃಗಳಲ್ಲಿ ಒಬ್ಬರಾದ ಪಿ.ಸಿ. ರೆನ್ ಬ್ರಿಟಿಷರ ಕಾಲದಲ್ಲಿ ಇಲ್ಲಿನ ಶಿಕ್ಷಣ ಇಲಾಖೆಯಲ್ಲಿದ್ದವರು. 1924ರಲ್ಲಿ 'ಬ್ಯೂ ಜೆಸ್ಟ್' ಎಂಬ ಸಾಹಸ ಕಾದಂಬರಿ ಬರೆದು ಹೆಸರಾದವರು. ಮುಂದೆ ಎನ್.ಡಿ.ವಿ. ಪ್ರಸಾದ ರಾವ್ ಅದನ್ನು ಪರಿಷ್ಕರಿಸಿದರು. ಹೆಸರೇ ಹೇಳುವಂತೆ ಅದರಲ್ಲಿ ಎರಡು ಭಾಗ: ವ್ಯಾಕರಣ ಮತ್ತು ರಚನೆ. ಪತ್ರ, ಪ್ರಬಂಧ, ಕಥೆ, ಸಂಕ್ಷೇಪಲೇಖನ ಎಲ್ಲವೂ ಎರಡನೆಯ ಭಾಗದಲ್ಲಿವೆ. ವ್ಯಾಕರಣ ಕಲಿಯುವುದು ಬರೆಯುವುದಕ್ಕಾಗಿ ಎಂಬ ಸರಳ ತಿಳಿವಳಿಕೆ ಈ ಜೋಡಣೆಯ ಹಿಂದಿದೆ.

ನಮ್ಮ ಹುಡುಗಿಯ ಪ್ರತಿಯಲ್ಲಿ ಮೊದಲ ಭಾಗದ ಹಾಳೆಗಳು ಅಂಚು ಸವೆದು ಕಪ್ಪಾಗಿದ್ದವು. ಎರಡನೆಯ ಭಾಗ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೆಯೇ ಇತ್ತು. ನಾರ್ಮನ್ ಲೂಯಿಸ್‌ನ ಗತಿಯೂ ಇದೇ. 1949ರಲ್ಲಿ ಬಂದ ಆ ಪುಸ್ತಕ ಲ್ಯಾಟಿನ್, ಗ್ರೀಕ್ ಧಾತುಗಳನ್ನು ಹಿಡಿದು ಒಂದು ಪದದಿಂದ ಇನ್ನೊಂದಕ್ಕೆ ಓದುಗನನ್ನು ನಡೆಸಿಕೊಂಡು ಹೋಗುತ್ತದೆ. ಗಟ್ಟಿಯಾಗಿ ಉಚ್ಚರಿಸಿ, ಬಳಸಿ ಎನ್ನುತ್ತದೆ. ನಮ್ಮವರು ಆ ದಾರಿಯನ್ನು ಬಿಟ್ಟು ಪದಗಳನ್ನಷ್ಟೇ ಪಟ್ಟಿ ಮಾಡಿಕೊಳ್ಳುತ್ತಾರೆ.

ಇದರಲ್ಲಿ ಮಕ್ಕಳ ತಪ್ಪೆಷ್ಟು? ಪರೀಕ್ಷೆ ಕೇಳುವುದು ಅದನ್ನೇ. ಬ್ಯಾಂಕ್ ಗುಮಾಸ್ತ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಖೋತಾ. ಒಂದು ಪ್ರಶ್ನೆಗೆ 40 ಸೆಕೆಂಡು. ಎಸ್‌ಎಸ್‌ಸಿಯ ಪದವಿ ಮಟ್ಟದ ಪರೀಕ್ಷೆಯಲ್ಲಿ 2016ರಿಂದ ಕೆಲವು ವರ್ಷ ಕೈಬರಹದ ಪ್ರಬಂಧ–ಪತ್ರಗಳ ಪತ್ರಿಕೆಯೊಂದಿತ್ತು. 2022ರ ಹೊಸ ಮಾದರಿಯಲ್ಲಿ ಅದನ್ನೂ ಕೈಬಿಟ್ಟರು. ಲಕ್ಷಾಂತರ ಮಂದಿ ಬರೆಯುವ ಪರೀಕ್ಷೆಯನ್ನು ಕಂಪ್ಯೂಟರೇ ತಿದ್ದಬೇಕಾಗುತ್ತದೆ ಎಂಬ ಕಷ್ಟ ಅರ್ಥವಾಗುವಂಥದೇ. ಆದರೆ ಕಂಪ್ಯೂಟರಿಗೆ ತಿದ್ದಲು ಬರುವುದನ್ನೇ ಭಾಷೆ ಎಂದು ನಾವು ಒಪ್ಪಿಕೊಂಡುಬಿಟ್ಟರೆ, ಪುಸ್ತಕದ ಎರಡನೆಯ ಭಾಗ ಹಾಗೆಯೇ ಉಳಿಯುತ್ತದೆ.

ಇನ್ನೊಂದು ಕೊರತೆ ಪುಸ್ತಕದ್ದೇ. ಓದುವವನ ಮನೆಮಾತು ಯಾವುದು ಎಂಬುದು ಅದಕ್ಕೆ ಗೊತ್ತಿಲ್ಲ. ಕನ್ನಡದ ಹುಡುಗ 'ಐ ಆಮ್ ಹಿಯರ್ ಸಿನ್ಸ್ ಟೂ ಇಯರ್ಸ್' ಎಂದು ಬರೆಯುತ್ತಾನೆ. ಇದು ಅಜ್ಞಾನವಲ್ಲ. 'ಎರಡು ವರ್ಷದಿಂದ ಇಲ್ಲಿದ್ದೇನೆ' ಎಂಬ ಶುದ್ಧ ಕನ್ನಡವನ್ನು ಅವನು ನಿಷ್ಠೆಯಿಂದ ಇಂಗ್ಲಿಷಿಗೆ ತಂದಿದ್ದಾನೆ. ನಮ್ಮಲ್ಲಿ 'ಸೋಮವಾರದಿಂದ' ಎನ್ನುವುದಕ್ಕೂ 'ಎರಡು ವರ್ಷದಿಂದ' ಎನ್ನುವುದಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಒಂದಕ್ಕೆ 'ಸಿನ್ಸ್', ಇನ್ನೊಂದಕ್ಕೆ 'ಫಾರ್'. ಕ್ರಿಯಾಪದದ ಕಾಲವೂ ಬದಲಾಗಬೇಕು. 'ಮನೆಯಲ್ಲಿ', 'ಬಸ್ಸಿನಲ್ಲಿ', 'ಬಾಗಿಲಲ್ಲಿ' ಎಂದು ನಾವು ಒಂದೇ 'ಅಲ್ಲಿ' ಹಚ್ಚುವ ಕಡೆ ಅವರಿಗೆ 'ಇನ್', 'ಆನ್', 'ಆ್ಯಟ್' ಬೇಕು. 'ಎ', 'ಆ್ಯನ್', 'ದಿ' ಎಂಬಂಥ ಉಪಪದಗಳು ನಮ್ಮಲ್ಲಿ ಇಲ್ಲವೇ ಇಲ್ಲ. ನಮ್ಮ ಮಕ್ಕಳು ಎಡವುವುದು ಇಲ್ಲಿಯೇ. ಪರೀಕ್ಷೆಯ 'ತಪ್ಪು ಗುರುತಿಸಿ' ಎಂಬ ಪ್ರಶ್ನೆಗಳು ಬರುವುದೂ ಬಹಳಷ್ಟು ಇಲ್ಲಿಂದಲೇ. ಹೀಗಿದ್ದೂ ನಾವು ಮಕ್ಕಳಿಗೆ ಕೊಡುವುದು 'ಕಳ್ಳನು ಪೊಲೀಸರಿಂದ ಹಿಡಿಯಲ್ಪಟ್ಟನು' ಎಂಬಂಥ, ಕನ್ನಡದಲ್ಲಿ ಯಾರೂ ಆಡದ ಕರ್ಮಣಿ ಪ್ರಯೋಗದ ಕಸರತ್ತನ್ನು.

13ನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದ ಕೇಶಿರಾಜ ಸೂತ್ರ ಹೇಳಿ ಸುಮ್ಮನಾಗಲಿಲ್ಲ. ತನಗಿಂತ ಹಿಂದಿನ ಕವಿಗಳ ಪ್ರಯೋಗಗಳನ್ನು ಉದಾಹರಣೆಯಾಗಿ ಎದುರಿಗಿಟ್ಟ. ಬಳಕೆಯನ್ನು ನೋಡಿ ನಿಯಮ ತಿಳಿಯುವುದು ನಮಗೆ ಹೊಸದೇನಲ್ಲ. ಗೈಡುಗಳಲ್ಲಿ ನಿಯಮವಿದೆ, ಬಳಕೆ ಇಲ್ಲ.

ಕೆಲವು ಬಾಗಿಲುಗಳು ಈಚೆಗೆ ತೆರೆದಿವೆ ಎಂಬುದನ್ನೂ ಹೇಳಬೇಕು. 2014ರಲ್ಲಿ ಅಭ್ಯರ್ಥಿಗಳ ಪ್ರತಿಭಟನೆಯ ನಂತರ ಯುಪಿಎಸ್‌ಸಿ ಪೂರ್ವಭಾವಿಯ ಇಂಗ್ಲಿಷ್ ಗ್ರಹಿಕೆಯ ಪ್ರಶ್ನೆಗಳನ್ನು ಅಂಕಗಳ ಲೆಕ್ಕದಿಂದ ಹೊರಗಿಟ್ಟರು. 2023ರಲ್ಲಿ ಎಸ್‌ಎಸ್‌ಸಿಯ ಎಂಟಿಎಸ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯುವ ಅವಕಾಶ ಬಂತು. ಒಳ್ಳೆಯದೇ. ಆದರೆ ಆ ಪರೀಕ್ಷೆಯಲ್ಲಿಯೂ ಇಂಗ್ಲಿಷಿನ ವಿಭಾಗ ಇದ್ದೇ ಇದೆ. ಆದ್ದರಿಂದ ಇಂಗ್ಲಿಷ್ ಬೇಕೋ ಬೇಡವೋ ಎಂಬ ವಾದಕ್ಕಿಂತ, ಬಡವರ ಮಕ್ಕಳಿಗೆ ಅದನ್ನು ಹೇಗೆ ಕಲಿಸುತ್ತೇವೆ ಎಂಬುದು ಹೆಚ್ಚು ಮುಖ್ಯ. ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ ಬರುವ, ಇಂಗ್ಲಿಷ್ ಮಾತು ಕಿವಿಗೆ ಬೀಳುವ ಮಗುವಿಗೆ ಬಳಕೆ ಪುಕ್ಕಟೆ ಸಿಗುತ್ತದೆ. ಅದಿಲ್ಲದ ಮಗುವಿಗೆ ಪಟ್ಟಿಯೊಂದೇ ಗತಿ.

ಅಂದು ಸಂಜೆ ನಾನು ಆ ಹುಡುಗಿಗೆ ಒಂದು ಕೆಲಸ ಕೊಟ್ಟೆ. ಅಂಚೆಯಲ್ಲಿ ಪ್ರಮಾಣಪತ್ರ ತಡವಾಗಿ ಬಂದದ್ದರ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆ ಎಂದೆ. ನೂರು ನುಡಿಗಟ್ಟು ಬಲ್ಲವಳು ಅರ್ಧ ಗಂಟೆ ಕುಳಿತು ನಾಲ್ಕು ಸಾಲು ಬರೆದಳು. ನಾಚಿಕೆಯಿಂದ ಕಾಗದವನ್ನು ಮಡಿಚಿ ಕೊಟ್ಟಳು. ಅದರಲ್ಲಿದ್ದ ಐದು ತಪ್ಪುಗಳಲ್ಲಿ ನಾಲ್ಕು ಕನ್ನಡದಿಂದ ಬಂದವು. ಅವುಗಳನ್ನು ಕನ್ನಡದಲ್ಲಿಯೇ ವಿವರಿಸಲು ಹತ್ತು ನಿಮಿಷ ಸಾಕಾಯಿತು. 'ಇದನ್ನು ಕೋಚಿಂಗಿನಲ್ಲಿ ಯಾರೂ ಹೇಳಲಿಲ್ಲ' ಎಂದಳು.

ಊರೂರುಗಳಲ್ಲಿ ಸಂಘಸಂಸ್ಥೆಗಳು ಬಡ ಮಕ್ಕಳಿಗಾಗಿ ಉಚಿತ ತರಬೇತಿ ನಡೆಸುತ್ತಿವೆ. ದಾನಿಗಳು ಗೈಡುಗಳನ್ನು ಹಂಚುತ್ತಾರೆ. ಆ ಹಣದಲ್ಲಿ ಸ್ವಲ್ಪವನ್ನು ಒಂದು ಇಂಗ್ಲಿಷ್ ದಿನಪತ್ರಿಕೆಗೂ, ವಾರಕ್ಕೊಂದು ಪುಟ ಬರೆಸಿ ಕನ್ನಡದಲ್ಲಿ ತಿದ್ದಿ ಹೇಳಬಲ್ಲ ನಿವೃತ್ತ ಮೇಷ್ಟ್ರೊಬ್ಬರ ಗೌರವಧನಕ್ಕೂ ಎತ್ತಿಡಬಾರದೇ? ಪರೀಕ್ಷೆ ಪಾಸಾಗಲಿ, ಆಗದಿರಲಿ, ಆ ಮಕ್ಕಳಿಗೆ ಒಂದು ಅರ್ಜಿ ಬರೆಯುವಷ್ಟು ಇಂಗ್ಲಿಷಾದರೂ ಕೈಯಲ್ಲಿ ಉಳಿಯುತ್ತದೆ.