ಗಾಡಿಯ ಪಕ್ಕ ನಿಲ್ಲುವವರು

ಗುಂಡು ಹಾರಿಸುವ ಕಂಪ್ಯೂಟರ್ ಆಟಗಳ ಬಗ್ಗೆ ಹೆಂಗಸೊಬ್ಬಳು ವಿಮರ್ಶೆ ಬರೆಯುವುದೇ ಎಂದು ನೀವು ಹುಬ್ಬೇರಿಸಬಹುದು. ಏರಿಸಿ, ಪರವಾಗಿಲ್ಲ. ಮಕ್ಕಳ ಕೋಣೆಯಿಂದ ಢಂ ಢಂ ಸದ್ದು ಕೇಳಿಸಿದರೆ ಬಾಗಿಲು ಎಳೆದುಕೊಂಡು ಒಗ್ಗರಣೆ ಹಾಕಲು ಹೋಗುವುದು ನಮ್ಮ ಕಡೆಯ ಪದ್ಧತಿ. ಒಳಗೆ ನಡೆಯುವುದೇನು ಎಂದು ಇಣುಕಿ ನೋಡುವವರು ಕಡಿಮೆ. ‘ಬರೀ ಕೊಲ್ಲುವ ಆಟ’ ಎಂಬ ತೀರ್ಪು ಮಾತ್ರ ಮೊದಲೇ ಸಿದ್ಧವಾಗಿರುತ್ತದೆ. ನನ್ನ ಮಗಳು ರಜೆಗೆ ಬಂದಾಗಲೆಲ್ಲ ಅವಳ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತು ನೋಡಿ, ಆಮೇಲೆ ನಾನೂ ಒಂದಿಷ್ಟು ಆಡಿ, ನನಗೆ ಅನ್ನಿಸಿದ್ದು ಬೇರೆ. ಇವುಗಳಲ್ಲಿ ಒಂದು ಬಗೆಯ ಆಟಕ್ಕೆ ಎಷ್ಟು ಜನರನ್ನು ಕೊಂದಿರಿ ಎಂಬುದು ಲೆಕ್ಕವೇ ಅಲ್ಲ. ಅಲ್ಲಿರುವ ಪ್ರಶ್ನೆ, ಯಾರ ದುಡಿಮೆ ಕಣ್ಣಿಗೆ ಬೀಳುತ್ತದೆ, ಯಾರದ್ದು ಬೀಳುವುದಿಲ್ಲ ಎಂಬುದು. ಈ ಪ್ರಶ್ನೆ ನಮಗೆ ಹೊಸದೇನಲ್ಲವಷ್ಟೆ.

ಓವರ್‌ವಾಚ್ ಎಂಬ ಆಟವನ್ನೇ ತೆಗೆದುಕೊಳ್ಳುತ್ತೇನೆ. ಅಮೆರಿಕದ ಬ್ಲಿಝಾರ್ಡ್ ಎಂಬ ಸಂಸ್ಥೆ ಇದನ್ನು 2016ರ ಮೇ ತಿಂಗಳಲ್ಲಿ ಹೊರತಂದಿತು. ಆಗ ಒಂದೊಂದು ಪಕ್ಷದಲ್ಲಿ ಆರು ಜನ. ಬೇರೆ ಬೇರೆ ಊರಲ್ಲಿ ಕೂತ, ಒಬ್ಬರ ಮುಖ ಒಬ್ಬರು ಕಾಣದ ಆರು ಜನ. ಇದರಲ್ಲಿ ನನಗೆ ಹಿಡಿಸಿದ್ದು ಗಾಡಿ ಸಾಗಿಸುವ ಪಂದ್ಯ. ಬೀದಿಯ ನಡುವೆ ಒಂದು ಗಾಡಿ ನಿಂತಿರುತ್ತದೆ. ದಾಳಿ ಮಾಡುವ ಪಕ್ಷದವರು ಅದರ ಪಕ್ಕ ನಿಂತರೆ ಅದು ತಾನೇ ನಡೆಯುತ್ತದೆ. ಬಿಟ್ಟು ಹೋದರೆ ನಿಲ್ಲುತ್ತದೆ. ಒಬ್ಬರಿಗಿಂತ ಇಬ್ಬರು, ಇಬ್ಬರಿಗಿಂತ ಮೂವರು ನಿಂತರೆ ವೇಗ ಹೆಚ್ಚು. ಎದುರು ಪಕ್ಷದ ಒಬ್ಬನೇ ಒಬ್ಬ ಬಂದು ಮುಟ್ಟಿಕೊಂಡು ನಿಂತರೂ ಸಾಕು, ಗಾಡಿ ಜಪ್ಪಯ್ಯ ಎಂದರೂ ಕದಲದು. ಕೊಟ್ಟ ಸಮಯದೊಳಗೆ ಅದನ್ನು ಬೀದಿಯ ಕೊನೆಗೆ ಮುಟ್ಟಿಸಬೇಕು. ನೂರು ಜನರನ್ನು ಹೊಡೆದುರುಳಿಸಿ ಗಾಡಿಯನ್ನು ಅರ್ಧ ದಾರಿಯಲ್ಲಿ ಬಿಟ್ಟರೆ ನೀವು ಸೋತಿರಿ. ನಮ್ಮೂರ ತೇರಿನ ಹಾಗೆಯೇ ಅನ್ನಿ. ಹಗ್ಗ ಹಿಡಿಯದೆ ಜಾತ್ರೆಯಲ್ಲಿ ಎಷ್ಟು ಗದ್ದಲ ಮಾಡಿದರೇನು, ತೇರು ನೆಲೆ ಸೇರಬೇಕಲ್ಲ.

ಇದು ಓವರ್‌ವಾಚ್‌ನವರು ಕಂಡುಹಿಡಿದದ್ದಲ್ಲ. 2007ರಲ್ಲಿ ಬಂದ ಟೀಮ್ ಫೋರ್ಟ್ರೆಸ್ 2 ಎಂಬ ಆಟಕ್ಕೆ ಮರುವರ್ಷ ಇಂಥದೇ ಗಾಡಿಯನ್ನು ಸೇರಿಸಿದ್ದರು. ಅಲ್ಲಿ ಕೈಬಿಟ್ಟ ಗಾಡಿ ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಹಿಂದಕ್ಕೂ ಉರುಳುತ್ತದೆ, ಪಾಪ. ಅದಕ್ಕೂ ಮೊದಲು, 1999ರಲ್ಲಿ, ಇಬ್ಬರು ಹುಡುಗರು ಬೇರೊಂದು ಆಟವನ್ನು ತಿದ್ದಿ ಕೌಂಟರ್-ಸ್ಟ್ರೈಕ್ ಎಂಬುದನ್ನು ಮಾಡಿದ್ದರು. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ನಮ್ಮ ತಮ್ಮಂದಿರು ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಆಡುತ್ತಿದ್ದುದು ಅದೇ. ಅದರಲ್ಲಿ ಬಾಂಬಿನ ತಂತಿ ಕತ್ತರಿಸಲು ಬರಿಗೈಯಲ್ಲಾದರೆ 10 ಸೆಕೆಂಡು, ದುಡ್ಡು ಕೊಟ್ಟು ಕೊಂಡ ಸಲಕರಣೆ ಇದ್ದರೆ 5 ಸೆಕೆಂಡು. ಅಷ್ಟು ಹೊತ್ತು ಆತ ಬಂದೂಕು ಬಿಟ್ಟು, ಬೆನ್ನು ತೋರಿಸಿ ಕೂತಿರಬೇಕು. ಬೆನ್ನು ಕಾಯುವವರಿಲ್ಲದಿದ್ದರೆ ಮುಗಿಯಿತು. ನನ್ನ ಪ್ರಕಾರ ಈ ಹತ್ತು ಸೆಕೆಂಡಿನಲ್ಲೇ ಈ ಬಗೆಯ ಆಟಗಳ ಪೂರ್ತಿ ತಿರುಳಿದೆ. ಕೆಲಸ ಆಗಬೇಕಾದರೆ ಒಬ್ಬರು ಆಯುಧ ಕೆಳಗಿಡಬೇಕು. ಇಡುವ ಧೈರ್ಯ ಬರಬೇಕಾದರೆ ಇನ್ನೊಬ್ಬರ ಮೇಲೆ ಭರವಸೆ ಇರಬೇಕು.

ಕಷ್ಟ ಎಂದರೆ ಗುರಿ ಹಿಡಿಯುವ ಕಷ್ಟ ಎಂದು ಹೊರಗಿನಿಂದ ನೋಡುವವರು ತಿಳಿಯುತ್ತಾರೆ. ಆಡುವ ಹುಡುಗರಲ್ಲೂ ಅರ್ಧಕ್ಕರ್ಧ ಜನ ಹಾಗೆಯೇ ತಿಳಿದಿದ್ದಾರೆ. ಅದಲ್ಲ. ಮನಸ್ಸಿಗೆ ಬಂದಲ್ಲಿ ಅಡಗಿ ಮನಸ್ಸಿಗೆ ಬಂದಾಗ ಹೊಡೆಯುವ ಪಂದ್ಯದಲ್ಲಿ ಜಾಗ ನಿಮ್ಮದು, ಹೊತ್ತು ನಿಮ್ಮದು. ಗಾಡಿಯ ಪಂದ್ಯದಲ್ಲಿ ನೀವು ಎಲ್ಲಿರುತ್ತೀರಿ ಎಂದು ಶತ್ರುವಿಗೆ ಮೊದಲೇ ಗೊತ್ತು. ಜೊತೆಗೆ ಆಟ ಕಟ್ಟಿದವರು ಇನ್ನೊಂದು ಚಾಲಾಕಿ ಮಾಡಿದ್ದಾರೆ. ಗಾಡಿ ಮುಂದೆ ಹೋದಂತೆಲ್ಲ ತಡೆಯುವವರ ಬೀಡು ಹತ್ತಿರವಾಗುತ್ತಾ ಬರುತ್ತದೆ. ಸತ್ತವರು ಕೆಲವು ಸೆಕೆಂಡುಗಳಲ್ಲಿ ತಮ್ಮ ಬೀಡಿನಲ್ಲಿ ಮತ್ತೆ ಜೀವ ತಳೆದು ನಡೆದು ಬರಬೇಕು. ಕೊನೆಯ ತಿರುವಿನಲ್ಲಿ ಅವರಿಗೆ ನಾಲ್ಕು ಹೆಜ್ಜೆ, ನಮಗೆ ಒಂದು ಬೀದಿ. ಗೆಲುವು ಹತ್ತಿರವಾದಷ್ಟೂ ಕಷ್ಟ ಹೆಚ್ಚಬೇಕು ಎಂಬುದು ಲೆಕ್ಕಾಚಾರ.

ಇಲ್ಲಿಯೇ ಬಹಳ ತಂಡಗಳು ಮುಗ್ಗರಿಸುವುದು. ಆರರಲ್ಲಿ ಇಬ್ಬರು ಸತ್ತಾಗ ಉಳಿದ ನಾಲ್ವರು ಹಿಂದೆ ಸರಿದು ಕಾಯಬೇಕು. ಕಾಯುವುದಿಲ್ಲ. ಒಬ್ಬ ನುಗ್ಗಿ ಸಾಯುತ್ತಾನೆ. ಅವನು ಎದ್ದು ಬರುವಷ್ಟರಲ್ಲಿ ಇನ್ನೊಬ್ಬ ಸತ್ತಿರುತ್ತಾನೆ. ಹೀಗೆ ಒಬ್ಬೊಬ್ಬರಾಗಿ, ಮದುವೆಮನೆಯ ಊಟದ ಹಾಲಿಗೆ ನೆಂಟರು ಬರುವ ಹಾಗೆ, ಬಂದು ಬಂದು ಸಾಯುತ್ತಿರುತ್ತಾರೆ. ಮಗಳ ಬೆನ್ನ ಹಿಂದೆ ಕೂತು ನಾನು ಲೆಕ್ಕವಿಲ್ಲದಷ್ಟು ಸಲ ಇದನ್ನು ನೋಡಿದ್ದೇನೆ. ಕೈಚಳಕದಲ್ಲಿ ಎದುರಾಳಿಗಿಂತ ಮೇಲಿದ್ದ ತಂಡವೂ ಕಾಯಲಾರದೆ ಸೋಲುತ್ತದೆ. ಶಾಲೆಯಲ್ಲಿ ಖೋ ಖೋ ಆಡಿದವರಿಗೆ ಇದು ಥಟ್ಟನೆ ಅರ್ಥವಾಗಬೇಕು. ಅಟ್ಟಿಸಿಕೊಂಡು ಓಡುವವಳು ಹಿಂದಕ್ಕೆ ತಿರುಗುವ ಹಾಗಿಲ್ಲ. ಕೂತವಳ ಬೆನ್ನು ತಟ್ಟಿ ‘ಖೋ’ ಕೊಡಲೇಬೇಕು. ಕೂತವಳು ಕೂತೇ ಆಡುತ್ತಿರುತ್ತಾಳೆ. ಖೋ ಖೋ ಆಟದಲ್ಲಿ ನಿಯಮವೇ ಇನ್ನೊಬ್ಬಳನ್ನು ನೆನಪಿಸುತ್ತದೆ. ಓವರ್‌ವಾಚ್‌ನಲ್ಲಿ ಆ ನಿಯಮವಿಲ್ಲ, ಅಗತ್ಯ ಮಾತ್ರ ಇದೆ. ನಿಯಮವಿಲ್ಲದ ಅಗತ್ಯವನ್ನು ಮನುಷ್ಯರು ಎಷ್ಟು ಸಲೀಸಾಗಿ ಮರೆಯುತ್ತಾರೆ ನೋಡಿ.

ಮರೆಯುವವರು ಎಳೆಯರು ಮಾತ್ರ ಎಂದುಕೊಳ್ಳಬೇಡಿ. 2017ರಲ್ಲಿ ದಕ್ಷಿಣ ಕೊರಿಯಾದ ಎಪೆಕ್ಸ್ ಪಂದ್ಯಾವಳಿಯಲ್ಲಿ ಕ್ಲೌಡ್9 ಎಂಬ ಅಮೆರಿಕದ ತಂಡ ಆಡಿತು. ಸಂಬಳ ಪಡೆದು ಆಡುವ ನುರಿತ ಹುಡುಗರು. ಸಮಯ ಮುಗಿಯುತ್ತಾ ಬಂದಿತ್ತು, ಯಾರಾದರೊಬ್ಬರು ಗುರಿಯ ಜಾಗದಲ್ಲಿ ಕಾಲಿಟ್ಟಿದ್ದರೆ ಆಟ ಮುಂದುವರಿಯುತ್ತಿತ್ತು. ಕಾದಾಟದ ಗುಂಗಿನಲ್ಲಿ ಯಾರೂ ಇಡಲಿಲ್ಲ. ಪಂದ್ಯ ಕೈಬಿಟ್ಟಿತು. ಅದೇ ದಿನ ಅದೇ ಎದುರಾಳಿಯ ಮುಂದೆ ಮತ್ತೆಯೂ ಹಾಗೇ ಆಯಿತು. ಅಂದಿನಿಂದ ಯಾರೇ ಗುರಿಯ ಜಾಗ ಮರೆತು ಸೋತರೂ ಆಟಗಾರರು ‘ಸಿ-ನೈನ್’ ಎಂದು ಆ ತಂಡದ ಹೆಸರಿನಿಂದಲೇ ಹಂಗಿಸುವುದು ರೂಢಿಯಾಯಿತು.

ಇನ್ನು ಪಾತ್ರಗಳ ವಿಚಾರ. ಮುಂದೆ ನಿಂತು ಪೆಟ್ಟು ತಿನ್ನುವವರು, ಹೊಡೆಯುವವರು, ಆರೈಕೆ ಮಾಡುವವರು ಎಂದು ಮೂರು ಬಗೆ. ಮೊದಲ ಮೂರು ವರ್ಷ ಯಾರು ಬೇಕಾದರೂ ಏನು ಬೇಕಾದರೂ ಆಗಬಹುದಿತ್ತು. ಪರಿಣಾಮ ನೀವೇ ಊಹಿಸಿ. ಎಲ್ಲರಿಗೂ ಹೊಡೆಯುವ ಪಾತ್ರವೇ ಬೇಕು. ಕೊನೆಗೆ ಆರಿಸಿದವರು ಉಳಿದದ್ದನ್ನು, ಅಂದರೆ ಆರೈಕೆಯನ್ನು, ಮಾಡಬೇಕು. 2019ರಲ್ಲಿ ಆಟದವರು ಬೇಸತ್ತು, ಪ್ರತಿ ಬಗೆಗೂ ಇಬ್ಬಿಬ್ಬರು ಎಂದು ಕಟ್ಟುನಿಟ್ಟು ಮಾಡಿದರು. ಆಗ ಹೊಡೆಯುವ ಪಾತ್ರಕ್ಕೆ ಉದ್ದನೆಯ ಸರದಿ ಹತ್ತಿತು, ಉಳಿದವಕ್ಕೆ ಬಂದ ಹಾಗೇ ಪ್ರವೇಶ. ಸಾಮಾನ್ಯ ಶಿಕ್ಷಕಿಯ ಕೆಲಸಕ್ಕೂ ಸಾಹೇಬರ ಕುರ್ಚಿಗೂ ಇರುವ ಅರ್ಜಿಗಳ ವ್ಯತ್ಯಾಸದಂತೆ!

ಆರೈಕೆಯವರಲ್ಲಿ ಮೊದಲಿನಿಂದಲೂ ಇದ್ದವಳು ಮರ್ಸಿ. ಹೆಸರೇ ಕರುಣೆ, ಬೆನ್ನಿಗೆ ರೆಕ್ಕೆ, ಕೈಯಲ್ಲಿ ಬೆಳಕಿನ ಕೋಲು. ಬಲವಂತವಾಗಿ ದೇವತೆ ಮಾಡಿದ ನರ್ಸಮ್ಮ. ಕೋಲಿನಿಂದ ಹೊರಟ ಬೆಳಕಿನ ನೂಲು ಗಾಯಾಳುವಿಗೆ ತಾನೇ ಅಂಟಿಕೊಳ್ಳುತ್ತದೆ, ಗುರಿ ಬೇಕಿಲ್ಲ. ಆದ್ದರಿಂದ ‘ಸುಲಭದ ಪಾತ್ರ, ಹುಡುಗಿಯರದ್ದು’ ಎಂಬ ಮಾತು. ಆ ಮಾತು ಅಪ್ಪಟ ಸುಳ್ಳು. ಇಬ್ಬರು ಒಟ್ಟಿಗೆ ಸಾಯುತ್ತಿರುವಾಗ ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಅರೆಗಳಿಗೆಯಲ್ಲಿ ನಿರ್ಧರಿಸಬೇಕು, ಬಿಟ್ಟವನ ಬೈಗುಳವನ್ನೂ ಕೇಳಬೇಕು. ಆದರೆ ಮೊದಮೊದಲು ಈ ಪಾತ್ರಕ್ಕೆ ಕೊಟ್ಟಿದ್ದ ದೊಡ್ಡ ಶಕ್ತಿ ನನಗೆ ಸರಿಯೆನ್ನಿಸದು. ಹತ್ತಿರ ಸತ್ತು ಬಿದ್ದ ಸಂಗಾತಿಗಳನ್ನೆಲ್ಲ ಅವಳು ಒಂದೇ ಏಟಿಗೆ ಎಬ್ಬಿಸಬಹುದಿತ್ತು. ಹಾಗಾಗಿ ಜಾಣ ಮರ್ಸಿ ಏನು ಮಾಡುತ್ತಿದ್ದಳು? ಗೋಡೆಯ ಹಿಂದೆ ಅಡಗಿ, ತನ್ನವರೆಲ್ಲ ಸಾಯಲಿ ಎಂದು ಕಾಯುತ್ತಿದ್ದಳು! ಆರೈಕೆ ಮಾಡುವವಳು ಆರೈಕೆ ನಿಲ್ಲಿಸಿದರೆ ಹೆಚ್ಚು ಹೆಸರು ಬರುವ ಹಾಗೆ ನಿಯಮ ಮಾಡಿದ್ದರು. 2017ರ ಸೆಪ್ಟೆಂಬರಿನಲ್ಲಿ ಅದನ್ನು ಬದಲಿಸಿ, ಒಮ್ಮೆಗೆ ಒಬ್ಬರನ್ನು ಮಾತ್ರ ಎಬ್ಬಿಸುವಂತೆ ಮಾಡಿದರು. ಗಲಾಟೆ ಆಯಿತು. ಬದಲಾವಣೆ ಸರಿಯಾದದ್ದೇ.

ನನ್ನ ಪಾತ್ರ ಆನಾ. ಆಟ ಬಂದ ಎರಡು ತಿಂಗಳಿಗೆ, 2016ರ ಜುಲೈನಲ್ಲಿ, ಹೊಸದಾಗಿ ಸೇರಿಸಿದ ಮೊದಲ ಪಾತ್ರ ಇವಳದು. ಈಜಿಪ್ಟಿನವಳು, ಆಗ ವಯಸ್ಸು 60, ಒಂದು ಕಣ್ಣಿಲ್ಲ. ನೆರೆತ ಕೂದಲಿನ ತಾಯಿಯೊಬ್ಬಳನ್ನು ಇಂಥ ಆಟದಲ್ಲಿ ನಾನು ಕಾಣುತ್ತೇನೆಂದು ಅಂದುಕೊಂಡಿರಲಿಲ್ಲ. ಇವಳು ಬಂದೂಕಿನಿಂದಲೇ ಔಷಧಿ ಕೊಡುತ್ತಾಳೆ. ಗುರಿ ತಪ್ಪಿದರೆ ಗಾಯಾಳು ಸತ್ತ. ನಡುವೆ ಶತ್ರು ಅಡ್ಡ ಬಂದರೆ ಗುಂಡು ಅವನಿಗೆ ತಗುಲಿ ಅಲ್ಲೇ ನಿಲ್ಲುತ್ತದೆ. ಮರ್ಸಿಯಂತೆ ಹಾರಿ ತಪ್ಪಿಸಿಕೊಳ್ಳುವ ರೆಕ್ಕೆಯೂ ಇಲ್ಲ, ಗಟ್ಟಿಮುಟ್ಟಾದ ಜೊತೆಗಾರ ಹಿಂದಿರುಗಿ ಬಂದು ಕಾಯದಿದ್ದರೆ ಮುದುಕಿಯ ಕತೆ ಮುಗಿದಂತೆ. ಪ್ರೀತಿ ಎಂದರೆ ಕರುಳಿನಿಂದ ತಾನೇ ಹರಿಯುವುದು ಎಂದು ಹೇಳಿ ಹೇಳಿ ನಮ್ಮನ್ನು ದುಡಿಸಿಕೊಂಡವರಿಗೆ ಈ ಪಾತ್ರವನ್ನು ತೋರಿಸಬೇಕು. ಆರೈಕೆಗೂ ಕಣ್ಣು ಬೇಕು, ಕೈ ಪಳಗಬೇಕು, ವರ್ಷಗಟ್ಟಲೆ ಕಲಿಯಬೇಕು ಎಂದು ಆಟ ಕಟ್ಟಿದವರು ಒಪ್ಪಿಕೊಂಡ ಪಾತ್ರ ಇದು. ಇವಳ ಮಗಳು ಫಾರಾ ಕೂಡ ಇದೇ ಆಟದಲ್ಲಿದ್ದಾಳೆ. ಆಕಾಶದಲ್ಲಿ ಹಾರುತ್ತಾ ಕ್ಷಿಪಣಿ ಬಿಡುವವಳು. ಮಗಳು ಸೈನಿಕಳಾಗುವುದು ತಾಯಿಗೆ ಬೇಕಿರಲಿಲ್ಲ ಎಂಬುದು ಕತೆ. ಆಟದಲ್ಲಿ ಮಾತ್ರ ಮಗಳು ಎಷ್ಟು ಎತ್ತರದಲ್ಲಿದ್ದರೂ ತಾಯಿಯ ಔಷಧಿ ಅಲ್ಲಿಗೆ ಮುಟ್ಟುತ್ತದೆ, ತಾಯಿಗೆ ಅವಳು ಕಾಣುತ್ತಿದ್ದರೆ.

ಒಂದು ಅಡ್ಡಿಯನ್ನು ಮಾತ್ರ ಯಾವ ನಿಯಮ ಬದಲಿಸಿಯೂ ನೀಗಲು ಆಗಿಲ್ಲ. ತಂಡವಾಗಿ ಆಡಬೇಕಾದರೆ ಮಾತಾಡಬೇಕು. ‘ಎಡಕ್ಕೆ ಒಬ್ಬ ಇದ್ದಾನೆ’, ‘ಕಾಯಿರಿ, ಒಟ್ಟಿಗೆ ಹೋಗೋಣ’ ಇಷ್ಟೇ ಮಾತು. ಹೆಣ್ಣುದನಿ ಕೇಳಿದ ಕೂಡಲೇ ಕೆಲವರ ಬಾಯಲ್ಲಿ ಏನೇನು ಬರುತ್ತದೆ ಎಂಬುದನ್ನು ಇಲ್ಲಿ ಬರೆಯಲಾರೆ. ನನ್ನ ಮಗಳು ಮೈಕನ್ನು ಮುಚ್ಚಿಯೇ ಆಡುತ್ತಾಳೆ. ಅವಳ ಗೆಳತಿಯರೂ ಅಷ್ಟೆ. ಬೀದಿಯ ನಕ್ಷೆ ಅವಳಿಗೆ ಬಾಯಿಪಾಠ. ಯಾವಾಗ ಹಿಂದೆ ಸರಿಯಬೇಕೆಂದು ಮಿಕ್ಕ ಐವರಿಗಿಂತ ಮೊದಲು ತಿಳಿಯುತ್ತದೆ. ತಿಳಿದದ್ದನ್ನು ನುಂಗಿಕೊಂಡು, ತಂಡ ಒಬ್ಬೊಬ್ಬರಾಗಿ ಸಾಯುವುದನ್ನು ನೋಡುತ್ತಾ ಕೂರುತ್ತಾಳೆ. 2018ರಲ್ಲಿ, ಪಂದ್ಯದ ಕೊನೆಗೆ ಒಳ್ಳೆಯ ಜೊತೆಗಾರರನ್ನು ಹೊಗಳುವ ಒಂದು ಏರ್ಪಾಡು ತಂದರು. 2022ರಲ್ಲಿ, ಮಾತಿಲ್ಲದೆ ಗುಂಡಿಯೊತ್ತಿ ಜಾಗ ತೋರಿಸುವ ಸೌಲಭ್ಯ ಬಂತು. ಎರಡನೆಯದು ಹುಡುಗಿಯರಿಗೆ ನಿಜಕ್ಕೂ ಉಪಕಾರವಾಯಿತು. ಆದರೆ ಬೆರಳು ತೋರಿಸುವುದಕ್ಕೂ ಮಾತಾಡುವುದಕ್ಕೂ ವ್ಯತ್ಯಾಸವಿದೆ. ಶತ್ರು ಇಲ್ಲಿದ್ದಾನೆ ಎಂದು ಬೆರಳು ಹೇಳೀತು. ತಾಳಿಕೊಳ್ಳಿ, ಇನ್ನೂ ಸಮಯವಿದೆ ಎಂದು ಅದು ಹೇಗೆ ಹೇಳೀತು?

ಅದೇ 2022ರ ಅಕ್ಟೋಬರಿನಲ್ಲಿ ಆಟ ಓವರ್‌ವಾಚ್ 2 ಎಂದು ಹೆಸರು ಬದಲಿಸಿಕೊಂಡು ಬಂತು. ಆರು ಜನ ಐವರಾದರು. ಪೆಟ್ಟು ತಿನ್ನುವವನು ಒಬ್ಬನೇ ಉಳಿದ. ಅಂಕಪಟ್ಟಿಯೂ ಬದಲಾಯಿತು. ಮೊದಲು ಯಾರ ಲೆಕ್ಕ ಎಷ್ಟೆಂದು ಉಳಿದವರಿಗೆ ಕಾಣುತ್ತಿರಲಿಲ್ಲ. ಅವರವರ ಪದಕ ಅವರವರಿಗೆ ಮಾತ್ರ ಕಾಣುತ್ತಿತ್ತು. ಸೋತಾಗ ‘ನನಗೆ ಚಿನ್ನದ ಪದಕವಿದೆ, ತಪ್ಪು ನನ್ನದಲ್ಲ’ ಎಂದು ಕಿರುಚುವವರು ಆಗಲೂ ಇದ್ದರು, ನಿಜ. ಆದರೆ ಆ ಪದಕಗಳಲ್ಲಿ ಗಾಡಿಯ ಪಕ್ಕ ನಿಂತ ಸಮಯಕ್ಕೂ ಒಂದಿತ್ತು. ಹೊಸ ಪಟ್ಟಿಯಲ್ಲಿ ಎಲ್ಲರ ಲೆಕ್ಕವನ್ನು ಎಲ್ಲರೂ ನೋಡುವಂತಾಯಿತು. ಎಷ್ಟು ಕೊಂದರು, ಎಷ್ಟು ನೆರವಾದರು, ಎಷ್ಟು ಸಲ ಸತ್ತರು, ಎಷ್ಟು ಹೊಡೆದರು, ಎಷ್ಟು ಗುಣಪಡಿಸಿದರು, ಎಷ್ಟು ಪೆಟ್ಟು ತಡೆದರು ಎಂದು ಆರು ಕಲಂ. ಆರೈಕೆಗೂ ಎಲ್ಲರೆದುರು ಒಂದು ಕಲಂ ಸಿಕ್ಕಿತು, ಅದು ಸಂತೋಷ. ಗಾಡಿಯ ಪಕ್ಕ ನಿಂತ ಸಮಯದ ಕಲಂ ಮಾತ್ರ ಅದರಲ್ಲಿಲ್ಲ. ಪಂದ್ಯ ಗೆಲ್ಲುವುದು ಯಾವುದರಿಂದಲೋ ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಎಣಿಸಿದ್ದಾರೆ.