ಬೇರೆಯವರ ಹಾಡಿನೊಳಗೆ ಜಾಕಿ ಮಿಟ್ಟೂ

ರೆಗೆ ಎಂದರೆ ನಮ್ಮಲ್ಲಿ ಮಾತು ಬಾಬ್ ಮಾರ್ಲಿಯ ಹತ್ತಿರವೇ ನಿಂತುಬಿಡುತ್ತದೆ. ಮಾರ್ಲಿ ಹುಟ್ಟಿದ ಜಮೈಕಾದ ಸೇಂಟ್ ಆನ್ ಸೀಮೆಯಲ್ಲೇ, ಬ್ರೌನ್ಸ್ ಟೌನ್‌ನಲ್ಲಿ 1948ರಲ್ಲಿ ಹುಟ್ಟಿದವನು ಆರ್ಗನ್ ವಾದಕ ಜಾಕಿ ಮಿಟ್ಟೂ. ಪಿಯಾನೊ ಕಲಿಸಿದ್ದು ಅಜ್ಜಿ. 1964ರಲ್ಲಿ 'ಸ್ಕಾಟಲೈಟ್ಸ್' ತಂಡ ಕಟ್ಟಿದಾಗ ಅವನಿಗೆ ಹದಿನಾರು. ಸುತ್ತ ಕೂತವರು ಟಾಮಿ ಮೆಕುಕ್, ಡಾನ್ ಡ್ರಮಂಡ್‌ರಂಥ ಪಳಗಿದ ಹಿರಿಯರು.

ಮರುವರ್ಷವೇ ತಂಡ ಒಡೆಯಿತು. ಹುಡುಗ ಮಾತ್ರ ಕಿಂಗ್‌ಸ್ಟನ್‌ನ ಬ್ರೆಂಟ್‌ಫರ್ಡ್ ರಸ್ತೆಯಲ್ಲಿ ಕಾಕ್ಸನ್ ಡಾಡ್ ನಡೆಸುತ್ತಿದ್ದ 'ಸ್ಟುಡಿಯೊ ಒನ್'ನಲ್ಲಿ ಬೇರೂರಿದ. ಅಲ್ಲಿನ ಸಂಗೀತ ನಿರ್ದೇಶಕನಾಗಿ, ಬಂದ ಗಾಯಕರಿಗೆಲ್ಲ ನೆಲೆಗಟ್ಟು ಹಾಕಿಕೊಡುವುದು ಅವನ ಕೆಲಸ. ಸ್ಕಾ ಎಂಬ ಜಮೈಕಾದ ಲಯದ ಓಟ ನಿಧಾನವಾಗಿ ರಾಕ್‌ಸ್ಟೆಡಿಯಾಯಿತು, ರಾಕ್‌ಸ್ಟೆಡಿ ರೆಗೆಯಾಯಿತು. ಆ ತಿರುವುಗಳಲ್ಲೆಲ್ಲ ಮಿಟ್ಟೂವಿನ ಆರ್ಗನ್ ಇದೆ.

ಅವನ ಕೈಚಳಕ ಇರುವುದು ವೇಗದಲ್ಲಲ್ಲ. ನಾಲ್ಕೈದು ಸ್ವರಗಳ ಒಂದು ತುಣುಕು ನುಡಿಸಿ ಸುಮ್ಮನಾಗುತ್ತಾನೆ. ಆ ಖಾಲಿ ಜಾಗದಲ್ಲಿ ಬಾಸ್ ಗಿಟಾರ್ ಮಾತಾಡುತ್ತದೆ. ಮತ್ತೆ ಬಂದಾಗ ಅದೇ ತುಣುಕು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಪಕ್ಕವಾದ್ಯದ ಈ ಸಂಯಮ ಮುಂದಾಳಿನ ವಾದನದಲ್ಲೂ ಉಳಿದದ್ದೇ ಅವನ ದೊಡ್ಡತನ ಎಂದು ನಾನು ನಂಬಿದ್ದೇನೆ.

ಜಮೈಕಾದಲ್ಲಿ ವಾದ್ಯಗಳ ಒಂದು ಮಟ್ಟು ಧ್ವನಿಮುದ್ರಣವಾದರೆ ಅದರ ಮೇಲೆ ಯಾರು ಬೇಕಾದರೂ ಹೊಸ ಹಾಡು ಕಟ್ಟುತ್ತಾರೆ. ಅದನ್ನು ರಿಡಿಮ್ ಎನ್ನುತ್ತಾರೆ. ಅರುವತ್ತರ ದಶಕದ ಕೊನೆಯಲ್ಲಿ ಮಿಟ್ಟೂ ಮತ್ತು 'ಸೌಂಡ್ ಡೈಮೆನ್ಶನ್' ತಂಡ ನುಡಿಸಿದ 'ರಿಯಲ್ ರಾಕ್' ಅಂಥದ್ದು. ವಿಲಿ ವಿಲಿಯಮ್ಸ್ ಅದರ ಮೇಲೆ 'ಆರ್ಮಗಿಡಿಯನ್ ಟೈಮ್' ಹಾಡಿದ. 1979ರಲ್ಲಿ ಲಂಡನ್ನಿನ ಪಂಕ್ ತಂಡ 'ದ ಕ್ಲ್ಯಾಶ್' ಆ ಹಾಡನ್ನು ಎತ್ತಿಕೊಂಡಿತು. ಇಂದಿಗೂ ಹೊಸ ಗಾಯಕರು 'ರಿಯಲ್ ರಾಕ್' ಮೇಲೆ ಹಾಡುತ್ತಲೇ ಇದ್ದಾರೆ. ಎಷ್ಟೋ ಕೇಳುಗರಿಗೆ ಅದನ್ನು ನುಡಿಸಿದವರ ಹೆಸರೇ ಗೊತ್ತಿಲ್ಲ. ಇದು ನನಗೆ ಸಂಕಟದ ಸಂಗತಿ.

ಅರುವತ್ತರ ದಶಕ ಮುಗಿಯುವ ಹೊತ್ತಿಗೆ ಅವನು ಕೆನಡಾ ಸೇರಿದ್ದ. 1971ರ ಅವನ ಧ್ವನಿಮುದ್ರಿಕೆ 'ವಿಶ್‌ಬೋನ್' ಅಲ್ಲಿ ಜನಪ್ರಿಯವಾಯಿತು. ತಂತಿವಾದ್ಯಗಳ ಮೆರುಗು ಹಚ್ಚಿದ ಆ ಧ್ವನಿಗಿಂತ ಕಿಂಗ್‌ಸ್ಟನ್‌ನ ಒರಟು ಮುದ್ರಣಗಳೇ ನನಗೆ ಹೆಚ್ಚು. ಕ್ಯಾನ್ಸರ್‌ನಿಂದ 1990ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅವನಿಗೆ ಬರೀ ನಲವತ್ತೆರಡು.

ಕೇಳಬೇಕೆನಿಸಿದರೆ 'ಡ್ರಮ್ ಸಾಂಗ್'ನಿಂದ ಶುರುಮಾಡಿ, ಆಮೇಲೆ 'ಹಾಟ್ ಮಿಲ್ಕ್'. ಫೋನಿನ ಪುಟ್ಟ ಸ್ಪೀಕರ್ ಮಾತ್ರ ಬೇಡ. ಬಾಸ್ ಕೇಳಿಸದಿದ್ದರೆ ಮಿಟ್ಟೂ ಅರ್ಧವೂ ಕೇಳಿಸುವುದಿಲ್ಲ.