ಜನ್ನನ ಹಿಟ್ಟಿನ ಕೋಳಿ ಮತ್ತು ನಮ್ಮ ಸಾಹಿತ್ಯರುಚಿ

ಅಮೃತಮತಿ ಮಾವುತನ ಹಾಡಿಗೆ ಮರುಳಾಗುವವರೆಗೆ ಜನ್ನ ಕವಿ, ಹಿಟ್ಟಿನ ಕೋಳಿ ಬಂದ ಮೇಲೆ ಅವನು ಬರೀ ಜೈನ. ಕನ್ನಡ ತರಗತಿಗಳಲ್ಲಿ ಈ ತೀರ್ಪು ಎಷ್ಟು ಸವೆದಿದೆ ಎಂದರೆ, ಅದನ್ನು ಯಾರು ಮೊದಲು ಕೊಟ್ಟರು ಎಂದು ಕೇಳುವ ಗೋಜಿಗೂ ಯಾರೂ ಹೋಗುವುದಿಲ್ಲ. ಅವನ 1209ರ ‘ಯಶೋಧರ ಚರಿತೆ’ಯನ್ನು ಹೀಗೆ ನಡುವಿಗೆ ಕತ್ತರಿಸಿ, ಮೇಲಿನ ಅರ್ಧಕ್ಕೆ ಹೂವು ಮುಡಿಸಿ, ಕೆಳಗಿನ ಅರ್ಧವನ್ನು ಮತಪ್ರಚಾರದ ಬುಟ್ಟಿಗೆ ಎಸೆಯುವುದು ಜಾಣತನದ ಓದು ಎನಿಸಿಕೊಂಡಿದೆ. ಪಂಪನಿಗೂ ಇದೇ ಗತಿ. ಅವನ ಲೌಕಿಕ ಕಾವ್ಯ ನಮ್ಮೆಲ್ಲರದು, ಆಗಮಿಕ ಕಾವ್ಯ ಬಸದಿಯವರದು! ಮನುಷ್ಯರದೆಲ್ಲ ಒಂದೇ ಜಾತಿ ಎಂಬ ಅವನ ಮಾತನ್ನು ವೇದಿಕೆ ವೇದಿಕೆಗಳಲ್ಲಿ ಉದ್ಧರಿಸುವವರಲ್ಲಿ ಎಷ್ಟು ಜನಕ್ಕೆ ಅದು ‘ಆದಿಪುರಾಣ’ದ ಮಾತೆಂದು ನೆನಪಿರುತ್ತದೋ ಕಾಣೆ. ಜೈನತ್ವವನ್ನು ಕಳಚಿಟ್ಟರೆ ಮಾತ್ರ ಜೈನ ಕವಿ ದೊಡ್ಡವನಾಗುತ್ತಾನೆ ಎಂಬ ಈ ಲೆಕ್ಕಾಚಾರಕ್ಕೆ ನನ್ನ ತಕರಾರಿದೆ. ಜನ್ನನ ದೊಡ್ಡತನವಿರುವುದು ಆ ಹಿಟ್ಟಿನ ಕೋಳಿಯಲ್ಲೇ.

ಕಥೆ ಗೊತ್ತಿದ್ದವರೂ ಅದರ ಕಟ್ಟನ್ನು ಮರೆತಿರುತ್ತಾರೆ. ಹೆಂಡತಿ ಅಮೃತಮತಿಯ ಜಾರತನವನ್ನು ಕಣ್ಣಾರೆ ಕಂಡ ಯಶೋಧರ ತಾಯಿಯ ಮುಂದೆ ಅದನ್ನು ಮರೆಮಾಚಿ, ಕೆಟ್ಟ ಕನಸು ಬಿತ್ತೆಂದು ಹೇಳುತ್ತಾನೆ. ಚಂದ್ರಮತಿ ಅದಕ್ಕೆ ಬಲಿಯ ಶಾಂತಿ ಸೂಚಿಸುತ್ತಾಳೆ. ಮಗ ಒಪ್ಪುವುದಿಲ್ಲ. ಜೀವ ತೆಗೆದು ಒಳಿತು ಪಡೆಯಲಾಗದು ಎಂದು ಚೆನ್ನಾಗಿಯೇ ವಾದಿಸುತ್ತಾನೆ. ಕೊನೆಗೆ ತಾಯಿ ಹಿಟ್ಟಿನ ಕೋಳಿಯಾದರೂ ಸಾಕು ಎಂದಾಗ, ಅವಳ ಮೇಲಿನ ಮಮತೆಗೆ ಸೋಲುತ್ತಾನೆ. ಕತ್ತಿ ಬೀಳುತ್ತದೆ, ಬೊಂಬೆಯೊಳಗೆ ಹೊಕ್ಕಿದ್ದ ಬೆಂತರ ಕೋಳಿಯ ದನಿಯಲ್ಲಿ ಕೂಗುತ್ತದೆ. ಆಮೇಲೆ ತಾಯಿ ಮಗ ಇಬ್ಬರೂ ಅಮೃತಮತಿಯಿಟ್ಟ ವಿಷದಿಂದ ಸತ್ತು, ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಆಡುಗಳಾಗಿ, ಕೋಳಿಗಳಾಗಿ ಜನ್ಮದ ಮೇಲೆ ಜನ್ಮ ಬೇಯುತ್ತಾರೆ. ಓದುಗ ಇಲ್ಲೇ ಸಿಡಿಮಿಡಿಗೊಳ್ಳುವುದು: ಒಂದು ಹಿಡಿ ಹಿಟ್ಟಿಗೆ ಇಷ್ಟು ದಂಡವೇ? ಕವಿಗೆ ಪ್ರಮಾಣಬುದ್ಧಿ ಇಲ್ಲವೇ?

ಪ್ರಮಾಣಬುದ್ಧಿ ಇದೆ. ಅದನ್ನು ಕಾಣಲು ಕಾವ್ಯದ ಹೊರಚೌಕಟ್ಟನ್ನು ನೋಡಬೇಕು. ಈ ಕಥೆಯನ್ನು ಕೇಳುತ್ತಿರುವ ಅರಸ ಮಾರಿದತ್ತ ಹಿಟ್ಟಿನ ಕೋಳಿ ಕೊಯ್ದವನಲ್ಲ. ಚಂಡಮಾರಿಯ ಜಾತ್ರೆಯಲ್ಲಿ ನಿಜವಾದ ಪ್ರಾಣಿಗಳ ಹಿಂಡುಗಳನ್ನು ಕಡಿಸುತ್ತ, ಎಳೆಯ ಅಣ್ಣತಂಗಿಯರ ಕುತ್ತಿಗೆಗೂ ಕೈಹಾಕಿದವನು. ಅವನಿಗೆ ಆಗುವ ಶಿಕ್ಷೆಯೇನು? ಕಥೆ ಕೇಳಿ ಎಚ್ಚೆತ್ತು, ರಾಜ್ಯ ಬಿಟ್ಟು ದೀಕ್ಷೆ ತೆಗೆದುಕೊಳ್ಳುತ್ತಾನೆ. ರಕ್ತದ ಹೊಳೆ ಹರಿಸಿದವನಿಗೆ ಬಾಗಿಲು ತೆರೆದಿದೆ, ಹಿಟ್ಟು ಕೊಯ್ದವನಿಗೆ ಜನ್ಮಾಂತರದ ಸೆರೆ. ಕಾರಣವನ್ನು ಜನ್ನ ಎಲ್ಲೂ ಪ್ರವಚನ ಮಾಡಿ ಹೇಳುವುದಿಲ್ಲ, ಕಥೆಯ ಕಟ್ಟಿನಲ್ಲೇ ಇಟ್ಟಿದ್ದಾನೆ: ಮಾರಿದತ್ತನಿಗೆ ತಿಳಿದಿರಲಿಲ್ಲ, ಯಶೋಧರನಿಗೆ ತಿಳಿದಿತ್ತು. ವಾದಿಸಿ ಗೆಲ್ಲಬಹುದಾಗಿದ್ದ ಕಡೆ ಒಂದು ಉಪಾಯಕ್ಕೆ ಒಪ್ಪಿಕೊಂಡ. ಕೊಲ್ಲುವ ಸಂಕಲ್ಪವನ್ನು ಹಾಗೇ ಉಳಿಸಿಕೊಂಡು ಕೊಲೆಯನ್ನಷ್ಟೇ ತಪ್ಪಿಸಿದ. ತಿಳಿದವರ, ಅಂದರೆ ತನ್ನವರ, ಪಾಪಕ್ಕೆ ತೂಕ ಹೆಚ್ಚು ಎನ್ನುವ ಈ ನ್ಯಾಯ ಯಾವ ಸಣ್ಣ ಪಂಥದ ಅಹಂಕಾರದಿಂದಲೂ ಹುಟ್ಟಲಾರದು. ಹೀಬ್ರೂ ಪ್ರವಾದಿ ಆಮೋಸ ತನ್ನ ಯೆಹೂದಿ ಜನಕ್ಕೆ ಕೊಟ್ಟ ಎಚ್ಚರಿಕೆಯೂ ಇದೇ ಧಾಟಿಯದು: ಉಳಿದೆಲ್ಲರ ನಡುವೆ ದೇವರು ನಿಮ್ಮನ್ನೇ ಆರಿಸಿಕೊಂಡ, ಆದ್ದರಿಂದಲೇ ನಿಮ್ಮ ತಪ್ಪಿನ ಲೆಕ್ಕವನ್ನೂ ನಿಮ್ಮಿಂದಲೇ ಕೇಳುತ್ತಾನೆ. ಬೇರೆಯಾಗಿರುವುದು ಅಲ್ಲಿ ಬಿರುದಾಗಲಿಲ್ಲ, ಹೊಣೆಯಾಯಿತು. ಸಬ್ಬತ್ತನ್ನೂ ಊಟದ ಕಟ್ಟಳೆಗಳನ್ನೂ ಪಾಲಿಸಿ ಬೇರೆಯಾಗಿ ನಿಂತ ಯೆಹೂದಿಗಳನ್ನು ಜಗತ್ತು ಬಿಗುಮಾನದವರೆಂದು ಹಳಿದಂತೆ, ಕತ್ತಲಾದ ಮೇಲೆ ಉಣ್ಣದ, ನೀರು ಸೋಸಿ ಕುಡಿಯುವ, ಜೇನು ಮುಟ್ಟದ ಜೈನರನ್ನೂ ಕನ್ನಡ ನಾಡು ಗೇಲಿ ಮಾಡಿದೆ. ಆ ಕಟ್ಟಳೆಗಳ ಹಿಂದಿರುವ ಅಳತೆಗೋಲು ತನ್ನವರನ್ನೇ ಮೊದಲು ಅಳೆಯುತ್ತದೆ ಎಂಬುದಕ್ಕೆ ಜನ್ನನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇದಕ್ಕೊಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಅಹಿಂಸೆಯ ಮಾತಾಡುವ ಇದೇ ಧರ್ಮ ಸೇನಾಪತಿಗಳ ಧರ್ಮವೂ ಆಗಿತ್ತಲ್ಲ? ನೆಲಮಂಗಲ ತಾಲೂಕಿನ ಮಣ್ಣೆಯನ್ನೇ ತೆಗೆದುಕೊಳ್ಳಿ. ಇಂದು ಕಪಿಲೇಶ್ವರ ಗುಡಿಯ ಕಂಬಗಳನ್ನು ನೋಡಲು ಹೋದವರಿಗಷ್ಟೇ ಗೊತ್ತಿರುವ ಈ ಹಳ್ಳಿ ಗಂಗರ ಮಾನ್ಯಪುರ. 776ರಲ್ಲಿ ಶ್ರೀಪುರುಷ ಇಲ್ಲಿಂದಲೇ ಶ್ರೀಪುರದ ಲೋಕತಿಲಕ ಜಿನಭವನಕ್ಕೆ ದತ್ತಿ ಬಿಟ್ಟ. ಆ ಬಸದಿಯನ್ನು ಕಟ್ಟಿಸಿದವಳು ಕುಂದಾಚ್ಚಿ ಎಂಬ ಹೆಂಗಸು. 797ರ ಮಣ್ಣೆಯ ತಾಮ್ರಶಾಸನ ಹೇಳುವುದು ಸೇನಾಪತಿ ಶ್ರೀವಿಜಯ ಇಲ್ಲೇ ಕಟ್ಟಿಸಿದ ಬಸದಿಯ ವಿಷಯ. ಗಂಗರ ಮಂತ್ರಿಯೂ ದಂಡನಾಯಕನೂ ಆದ ಚಾವುಂಡರಾಯನಂತೂ ಗೊಮ್ಮಟನನ್ನೇ ನಿಲ್ಲಿಸಿದ. ಕತ್ತಿ ಹಿಡಿದ ಕೈ ಬಸದಿ ಕಟ್ಟಿದರೆ ಸರಿ, ಹಿಟ್ಟು ಕೊಯ್ದರೆ ನರಕವೇ? ಆಷಾಢಭೂತಿತನ ಎನ್ನಲು ಇದಕ್ಕಿಂತ ಸುಲಭದ ಸಂದರ್ಭ ಸಿಗದು. ಆದರೆ ಜೈನ ಶ್ರಾವಕಾಚಾರ ಹಿಂಸೆಯನ್ನು ವಿಂಗಡಿಸಿ ನೋಡುತ್ತದೆ. ಒಲೆ ಹಚ್ಚುವಾಗ, ಮನೆ ಗುಡಿಸುವಾಗ ಆಗುವುದು ಆರಂಭಿ, ಕಸುಬಿನಲ್ಲಿ ಆಗುವುದು ಉದ್ಯೋಗಿ, ಏರಿ ಬಂದವನ ವಿರುದ್ಧ ನಿಲ್ಲುವುದು ವಿರೋಧಿ. ಗೃಹಸ್ಥ ಇವನ್ನು ಕಡಿಮೆ ಮಾಡಿಕೊಳ್ಳಬೇಕು, ಪೂರ್ತಿ ಬಿಡಲಾರ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆಗೆ ಮಾತ್ರ ರಿಯಾಯಿತಿ ಇಲ್ಲ. ರಾಜರಿಗೆ ಅನುಕೂಲವಾಗುವಂತೆ ಹೆಣೆದ ವಿಂಗಡಣೆ ಇದು ಎಂದು ಯಾರಾದರೂ ಅಂದರೆ ಪೂರ್ತಿ ಅಲ್ಲಗಳೆಯಲಾರೆ. ಗಂಗರ ಯುದ್ಧಗಳೆಲ್ಲ ಆತ್ಮರಕ್ಷಣೆಯವಾಗಿರಲಿಲ್ಲ. ಆದರೂ ಜನ್ನ ಅದೇ ವಿಂಗಡಣೆಯನ್ನು ಹಿಡಿದು ಒಬ್ಬ ರಾಜನನ್ನೇ ಕಟಕಟೆಗೆ ತಂದ, ಹೊಯ್ಸಳ ಬಲ್ಲಾಳನ ಆಸ್ಥಾನದಲ್ಲಿ ಕೂತು ತಂದ ಎಂಬುದನ್ನು ಮರೆಯುವಂತಿಲ್ಲ.

ಹಿಟ್ಟಿನ ಪಶು ಹಳೆಯ ಪುರಾಣದ ತೊಡಕು ಎಂದುಕೊಂಡವರು ಆಯುಧಪೂಜೆಯ ದಿನ ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಮುಂದೆಯೋ ಹೊಸಕೋಟೆಯ ಲಾರಿಗಳ ಮುಂದೆಯೋ ನಿಲ್ಲಬಹುದು. ಬೂದುಗುಂಬಳಕ್ಕೆ ಸಣ್ಣದೊಂದು ತೂತು, ಒಳಗೆ ಕುಂಕುಮ, ಚಿಲ್ಲರೆ ಕಾಸು, ಮೇಲೆ ಕರ್ಪೂರ. ಆರತಿ ಎತ್ತಿ ನೆಲಕ್ಕೆ ಅಪ್ಪಳಿಸಿದರೆ ತಿರುಳೆಲ್ಲ ಕೆಂಪು. ಆ ಕೆಂಪು ಏಕೆ ಬೇಕು ಎಂದು ಜನ್ನ ಕೇಳುತ್ತಿದ್ದ. ಜನ್ನನಾದ ಮೇಲೆ ಅದೇ ಶತಮಾನದಲ್ಲಿ ಬಂದ ಮಧ್ವಾಚಾರ್ಯರು ಯಜ್ಞಕ್ಕೆ ಪಿಷ್ಟಪಶುವೇ ಸಾಕೆಂದರು. ಜೀವ ಉಳಿಸಿದ ದೊಡ್ಡ ಸುಧಾರಣೆ ಅದು, ಆಡಿನ ಕಡೆಯಿಂದ ನೋಡಿದರೆ ಎರಡನೆಯ ಮಾತಿಲ್ಲ. 1959ರ ಪ್ರಾಣಿಬಲಿ ತಡೆ ಕಾಯ್ದೆಯೂ ಅಷ್ಟರಲ್ಲೇ ತೃಪ್ತ; ಕಾನೂನಿನ ಕಣ್ಣಿಗೆ ಬೀಳುವುದು ಕತ್ತಿ ಮಾತ್ರ. ಜನ್ನನ ಕಣ್ಣು ಕತ್ತಿ ಹಿಡಿದವನ ಮನಸ್ಸಿನ ಮೇಲೆ. ಅಷ್ಟು ಕಟ್ಟುನಿಟ್ಟು ಊರಿಗೆಲ್ಲ ಹೊಂದುವಂಥದ್ದಲ್ಲ ಎಂಬುದು ನಿಜ, ಅವನು ಊರಿಗೆಲ್ಲ ಹೇರುವುದೂ ಇಲ್ಲ. ಬಲ್ಲವನಿಗೆ ಹೇರುತ್ತಾನೆ.

ಇನ್ನು ಅಮೃತಮತಿ. ಅವಳನ್ನು ನರಕಕ್ಕೆ ತಳ್ಳಿದ್ದರಲ್ಲಿ ಜನ್ನನ ಕಾಲದ ಹೆಣ್ಣುದ್ವೇಷವಿದೆ, ಅದನ್ನು ಸಮರ್ಥಿಸುವ ಉಸಾಬರಿ ನನಗೆ ಬೇಡ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಇದನ್ನು ಸರಿಪಡಿಸಿದ ರೀತಿ ಗಮನಾರ್ಹ. ಜೈನನಿಷ್ಠೆಯನ್ನು ರಾಣಿಗೇ ಕೊಟ್ಟು, ಹಿಟ್ಟಿನ ಕೋಳಿಯನ್ನೇ ನಾಟಕದ ನಡುವಿಗೆ ತಂದರು. ವಿಮರ್ಶಕರು ಬುಟ್ಟಿಗೆಸೆದ ಭಾಗದಲ್ಲೇ ನಾಟಕಕಾರನಿಗೆ ನಾಟಕ ಸಿಕ್ಕಿತು. ನಮ್ಮ ವಿಮರ್ಶೆಗೆ ಮಾತ್ರ ಇಂದಿಗೂ ಆ ಮಾವುತನ ಹಾಡಿನ ಗುಂಗು ಬಿಟ್ಟಿಲ್ಲ. ನವ್ಯದ ದಿನಗಳಿಂದ ನಾವು ಕಲಿತ ರುಚಿಗೆ ಕಾಮದ ನಿಗೂಢತೆ ಆಳ, ಆಚಾರದ ಪ್ರಶ್ನೆ ತೆಳು. ಪಾಪ ಮಾಡಿದವಳ ಮನಸ್ಸು ಕಾವ್ಯವಸ್ತು, ಪಾಪ ಯಾವುದು ಎಂದು ಕೇಳುವವನು ಉಪದೇಶಕ. ಈ ಅಭಿರುಚಿಗೆ ಬಲಿಯಾದದ್ದು ಜನ್ನನೊಬ್ಬನೇ ಅಲ್ಲ, ‘ವಡ್ಡಾರಾಧನೆ’ಯನ್ನೂ ನಾವು ಗದ್ಯದ ಸೊಗಸಿಗಷ್ಟೇ ಓದುತ್ತೇವೆ, ಅಲ್ಲಿನ ಮುನಿಗಳು ಏತಕ್ಕೆ ಆ ನೋವು ತಿಂದರು ಎಂಬುದು ಟಿಪ್ಪಣಿಗೆ ಸರಿದುಹೋಗಿದೆ.

ಬುಟ್ಟಿಗೆಸೆದ ಅರ್ಧದಿಂದ ಒಂದೇ ಪ್ರಸಂಗ ಸಾಕು. ತಾಯಿ ಮಗ ಈಗ ಕೋಳಿಗಳು, ಚಂಡಕರ್ಮನೆಂಬ ತಳವಾರನ ವಶದಲ್ಲಿವೆ. ಮುನಿಯೊಬ್ಬ ಅವನಿಗೆ ಧರ್ಮ ಹೇಳುತ್ತಿರುವಾಗ ಅವಕ್ಕೆ ಹಿಂದಿನ ಜನ್ಮಗಳ ನೆನಪಾಗಿ, ಹಿಗ್ಗಿ ಕೂಗುತ್ತವೆ. ಅರಸ ಯಶೋಮತಿ, ಅಂದರೆ ಯಶೋಧರನ ಮಗನೇ, ಶಬ್ದವೇಧಿ ವಿದ್ಯೆಯನ್ನು ರಾಣಿಗೆ ತೋರಿಸುವ ಉಮೇದಿನಲ್ಲಿ ಆ ಕೂಗಿಗೆ ಬಾಣ ಬಿಡುತ್ತಾನೆ. ಹಿಟ್ಟಿನ ಕೋಳಿ ಸುಳ್ಳು ಜೀವದಿಂದ ಕೂಗಿತ್ತು, ಈ ಕೋಳಿಗಳದು ತಿಳಿವಿನ ಕೂಗು. ಅಂದು ಕೊಯ್ದವನನ್ನು ಇಂದು ಕೊಲ್ಲುವುದು ಅವನದೇ ಮಗ, ಅದೂ ಆಟಕ್ಕೆ. ಅಮೃತಮತಿಯ ರಾತ್ರಿಗೆ ಮಾರುಹೋದ ಯಾವ ವಿಮರ್ಶಕನಾದರೂ ಈ ಎರಡು ಕೂಗುಗಳನ್ನು ಒಟ್ಟಿಗಿಟ್ಟು ಓದಿ, ಆಮೇಲೆ ಜನ್ನನನ್ನು ಪ್ರಚಾರಕ ಎನ್ನಲಿ.